ಹಿತ್ತಲಿನ ಶೆಡ್ಡು, ಬಡಾವಣೆಯ ಕರಾರು: ಅಮೆರಿಕದ ಎಚ್‌ಓಎ ಎದುರು ಮನೆಯೊಡೆಯರ ಹಕ್ಕು ಎಲ್ಲಿಯವರೆಗೆ?

ಇಲ್ಲಿ ಕುಳಿತಿರುವ ಬಹುಪಾಲು ಮಂದಿ ಡಲ್ಲಾಸ್ ಸುತ್ತಮುತ್ತಲ ಹೊಸ ಬಡಾವಣೆಗಳಲ್ಲಿ ಮನೆ ಕೊಂಡವರಾದ್ದರಿಂದ ಎಚ್‌ಓಎ, ಅಂದರೆ ಬಡಾವಣೆಯ ಮನೆಯೊಡೆಯರ ಸಂಘ, ಎಂದರೇನು ಎಂಬುದನ್ನು ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಯಾರು ಏನು ಕಟ್ಟಬಹುದೆಂದು ತೀರ್ಮಾನಿಸುವ ನಮ್ಮ ಬಡಾವಣೆಯ ಆರ್ಕಿಟೆಕ್ಚರಲ್ ಸಮಿತಿಯಲ್ಲಿ ಕೆಲವು ವರ್ಷ ಅರ್ಜಿಗಳನ್ನು ಓದಿದವನಾಗಿ, ನಮ್ಮವರಿಂದ ನಾನು ಮತ್ತೆ ಮತ್ತೆ ಕೇಳಿದ ಪ್ರಶ್ನೆಯಿಂದಲೇ ತೊಡಗುತ್ತೇನೆ. ಜಾಗ ನನ್ನದು, ಬ್ಯಾಂಕಿನ ಸಾಲ ತೀರಿಸುತ್ತಿರುವವನು ನಾನು, ಸುತ್ತ ಆರು ಅಡಿ ಎತ್ತರದ ಬೇಲಿ ಇದೆ. ಹೀಗಿರುವಾಗ ಹಿತ್ತಲಲ್ಲಿ ಒಂದು ಶೆಡ್ಡನ್ನೋ ಪರ್ಗೋಲಾವನ್ನೋ (ಕಂಬಗಳ ಮೇಲಿನ ತೆರೆದ ಚಪ್ಪರ) ನಿಲ್ಲಿಸಲು ಬೇರೆಯವರ ಒಪ್ಪಿಗೆ ಏಕೆ ಬೇಕು? ಮನೆ ಕೊಳ್ಳುವಾಗ ನೀವೇ ಅದಕ್ಕೆ ಒಪ್ಪಿದ್ದೀರಿ ಎಂಬುದು ಕಾನೂನು ಕೊಡುವ ಚಿಕ್ಕ ಉತ್ತರ. ಆದರೆ ಆ ಒಪ್ಪಿಗೆ ಯಾವ ಕಾಗದದಲ್ಲಿದೆ, ಎಷ್ಟು ದೂರ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ನಿಮ್ಮ ಹಕ್ಕು ನಿಂತಿರುವುದರಿಂದ ಇವತ್ತಿನ ಮಾತೆಲ್ಲ ಅದನ್ನೇ ಕುರಿತದ್ದು.

ಬಡಾವಣೆಯನ್ನು ನಿರ್ಮಿಸುವ ಡೆವಲಪರ್, ಮೊದಲ ಮನೆ ಮಾರುವುದಕ್ಕೂ ಮುಂಚೆಯೇ, ಬಡಾವಣೆಯ ಕರಾರುಗಳನ್ನೆಲ್ಲ ಬರೆದ ಡೆಕ್ಲರೇಷನ್ ಎಂಬ ದೊಡ್ಡ ದಾಖಲೆಯೊಂದನ್ನು ಕೌಂಟಿಯ ಕಚೇರಿಯಲ್ಲಿ ನೋಂದಾಯಿಸಿರುತ್ತಾನೆ. ಸಿಸಿ ಅಂಡ್ ಆರ್ (ಕರಾರು, ಷರತ್ತು, ನಿರ್ಬಂಧಗಳು) ಎಂದು ಜನ ಕರೆಯುವುದು ಇದನ್ನೇ. ಮನೆ ನಿಮ್ಮ ಹೆಸರಿಗಾದ ಕ್ಲೋಸಿಂಗ್ ದಿನ ನೀವು ಸಹಿ ಹಾಕಿದ ಕಾಗದದ ರಾಶಿಯಲ್ಲಿ ಇದರ ಉಲ್ಲೇಖವಿತ್ತು. ಓದಿದಿರೋ ಇಲ್ಲವೋ ಎಂಬುದನ್ನು ನ್ಯಾಯಾಲಯ ಕೇಳುವುದಿಲ್ಲ. ಅದರ ನಿರ್ಬಂಧಗಳು ಜಮೀನಿಗೆ ಅಂಟಿಕೊಂಡಿರುತ್ತವೆ, ಜಮೀನು ಕೈ ಬದಲಾಯಿಸಿದಾಗ ಜೊತೆಯಲ್ಲೇ ಹೋಗುತ್ತವೆ.

ಈ ತತ್ತ್ವದ ಬೇರು ಇಂಗ್ಲೆಂಡಿನಲ್ಲಿದೆ. ಲಂಡನ್ನಿನ ಲೆಸ್ಟರ್ ಸ್ಕ್ವೇರ್ ಉದ್ಯಾನವನ್ನು ಟಲ್ಕ್ ಎಂಬುವನು 1808ರಲ್ಲಿ ಮಾರುವಾಗ, ಅಲ್ಲಿ ಕಟ್ಟಡ ಕಟ್ಟದೆ ಉದ್ಯಾನವಾಗಿಯೇ ಉಳಿಸಿಕೊಳ್ಳಬೇಕೆಂದು ಕರಾರು ಮಾಡಿಸಿಕೊಂಡಿದ್ದ. ಹಲವು ಕೈ ದಾಟಿ ಆ ಜಾಗ ಮಾಕ್ಸ್‌ಹೇ ಎಂಬುವನಿಗೆ ಬಂತು. ಕರಾರಿನ ವಿಷಯ ತಿಳಿದೇ ಕೊಂಡಿದ್ದ ಆತ, ಅದಕ್ಕೆ ಸಹಿ ಹಾಕಿದವನು ತಾನಲ್ಲ ಎಂದು ವಾದಿಸಿದ. ತಿಳಿದು ಕೊಂಡವನನ್ನೂ ಕರಾರು ಕಟ್ಟಿಹಾಕುತ್ತದೆ ಎಂದು ನ್ಯಾಯಾಲಯ 1848ರಲ್ಲಿ ತೀರ್ಪಿತ್ತಿತು. ಅಮೆರಿಕದಲ್ಲಿ ಈ ಅಧಿಕಾರ ನಿವಾಸಿಗಳ ಸಂಘದ ಕೈಗೆ ಗಟ್ಟಿಯಾಗಿ ಬಂದದ್ದು, ನ್ಯೂಯಾರ್ಕಿನ ನೆಪೊನ್‌ಸಿಟ್ ಬಡಾವಣೆಯ ಸಂಘಕ್ಕೆ ವಂತಿಗೆ ವಸೂಲಿಯ ಹಕ್ಕನ್ನು ಅಲ್ಲಿನ ಉನ್ನತ ನ್ಯಾಯಾಲಯ 1938ರಲ್ಲಿ ಎತ್ತಿಹಿಡಿದ ಮೇಲೆ. 1970ರಲ್ಲಿ ದೇಶದಲ್ಲಿ ಸುಮಾರು 10,000 ಇದ್ದ ಇಂಥ ಸಂಘಗಳು ಇಂದು ಮೂರೂವರೆ ಲಕ್ಷವನ್ನು ಮೀರಿವೆ. ಏಳು ಕೋಟಿಗೂ ಹೆಚ್ಚು ಜನ ಅವುಗಳ ವ್ಯಾಪ್ತಿಯಲ್ಲಿ ಬದುಕುತ್ತಿದ್ದಾರೆ.

ಇಲ್ಲಿ ಸ್ವಲ್ಪ ಬದಿಗೆ ಸರಿದು ಒಂದು ಮಾತು ಹೇಳಬೇಕು. ಇದೇ ಕರಾರುಗಳ ಮೂಲಕ ದಶಕಗಳ ಕಾಲ ಕರಿಯರಿಗೆ, ಯಹೂದ್ಯರಿಗೆ, ಏಷ್ಯಾದವರಿಗೆ ಮನೆ ಮಾರಬಾರದೆಂದು ನಿರ್ಬಂಧಿಸಲಾಗಿತ್ತು. ಸೇಂಟ್ ಲೂಯಿಸ್ ನಗರದ ಶೆಲ್ಲಿ ಕುಟುಂಬದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1948ರಲ್ಲಿ, ಇಂಥ ಕರಾರನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸಲಾಗದು ಎಂದಿತು. ಹಳೆಯ ಬಡಾವಣೆಗಳ ದಾಖಲೆಗಳಲ್ಲಿ ಆ ಸಾಲುಗಳು ಇವತ್ತಿಗೂ ಸತ್ತ ಅಕ್ಷರಗಳಾಗಿ ಉಳಿದಿರುವುದನ್ನು ನೀವು ನೋಡಬಹುದು. ಕರಾರು ಎಂದ ಮಾತ್ರಕ್ಕೆ ಅದು ಪವಿತ್ರವಲ್ಲ, ಅದರ ಮೇಲೊಂದು ಕಾನೂನಿದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಹಾಗೆಂದು ಸಂವಿಧಾನದ ಹಕ್ಕುಗಳನ್ನೆಲ್ಲ ಎಚ್‌ಓಎ ಮುಂದೆ ಹಿಡಿಯಲು ಬರುವುದಿಲ್ಲ. ಮನೆಮುಂದಿನ ಫಲಕಗಳ ಮೇಲೆ ಟ್ವಿನ್ ರಿವರ್ಸ್ ಬಡಾವಣೆಯ ಸಂಘ ಹೇರಿದ್ದ ಮಿತಿಯನ್ನು ನ್ಯೂಜೆರ್ಸಿಯ ಸುಪ್ರೀಂ ಕೋರ್ಟು 2007ರಲ್ಲಿ ಒಪ್ಪಿತು. ಸಂಘವು ಸರ್ಕಾರವಲ್ಲ, ನೀವಾಗಿಯೇ ಸೇರಿಕೊಂಡ ಖಾಸಗಿ ಕೂಟ ಎಂಬುದೇ ಅಲ್ಲಿ ತೂಗಿದ ವಾದ.

ಈಗ ಹಿತ್ತಲಿಗೆ ಬರೋಣ. ನಿಮ್ಮ ಶೆಡ್ಡಿಗೆ ಬೇಡ ಎಂದವರು ಯಾರು ಎಂಬುದಕ್ಕಿಂತ, ಆ ಬೇಡ ಎಂಬುದು ಎಲ್ಲಿ ಬರೆದಿದೆ ಎಂಬುದನ್ನು ಮೊದಲು ನೋಡಬೇಕು. ಅದು ನೋಂದಾಯಿತ ಡೆಕ್ಲರೇಷನ್‌ನಲ್ಲೇ ಇರಬಹುದು. ಬೋರ್ಡು, ಅಂದರೆ ಸಂಘದ ಆಡಳಿತ ಮಂಡಳಿ, ಆಮೇಲೆ ಮಾಡಿಕೊಂಡ ನಿಯಮದಲ್ಲಿರಬಹುದು. ಅಥವಾ ಎಲ್ಲಿಯೂ ಬರೆದಿರದೆ, ಸಮಿತಿಯ ಮೂರು ಜನರಿಗೆ ಆ ಕಟ್ಟಡ ಹಿಡಿಸದೆ ಇರಬಹುದು. ಮೇಲಿನಿಂದ ಕೆಳಗಿಳಿದಂತೆ ಎಚ್‌ಓಎ ಬಲ ಕಡಿಮೆಯಾಗುತ್ತ ಬರುತ್ತದೆ, ಮನೆಯೊಡೆಯರ ಬಲ ಹೆಚ್ಚುತ್ತ ಬರುತ್ತದೆ. ನನ್ನ ಅನುಭವದಲ್ಲಿ ಜಗಳವಾಡುವ ಎರಡೂ ಕಡೆಯವರು ಈ ವ್ಯತ್ಯಾಸವನ್ನು ಗಮನಿಸಿರುವುದೇ ಇಲ್ಲ.

ಡೆಕ್ಲರೇಷನ್‌ನಲ್ಲಿ ಬರೆದ ನಿರ್ಬಂಧ ಎಷ್ಟು ಗಟ್ಟಿ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ನಾರ್‌ಸ್ಟೆಡ್ ಮೊಕದ್ದಮೆ ನೋಡಿ. ಬೆಕ್ಕು ಸಾಕಬಾರದೆಂಬ ಕರಾರಿದ್ದ, ಕಲ್ವರ್ ಸಿಟಿಯ ಒಂದು ಕಾಂಡೊಮಿನಿಯಂನಲ್ಲಿ (ಒಡೆತನದ ಫ್ಲ್ಯಾಟುಗಳ ಸಮುಚ್ಚಯ) ಮೂರು ಬೆಕ್ಕು ಸಾಕಿದ್ದ ಮಹಿಳೆ, ತನ್ನ ಬೆಕ್ಕುಗಳು ಮನೆಯೊಳಗೇ ಇರುತ್ತವೆ, ಸದ್ದು ಮಾಡುವುದಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದು ವಾದಿಸಿದರು. ರಾಜ್ಯದ ಸುಪ್ರೀಂ ಕೋರ್ಟು 1994ರಲ್ಲಿ ಅದನ್ನು ಒಪ್ಪಲಿಲ್ಲ. ನೋಂದಾಯಿತ ದಾಖಲೆಯ ನಿರ್ಬಂಧ ಸಮಂಜಸವೆಂದೇ ಭಾವಿಸಲಾಗುತ್ತದೆ. ಅದು ಮನಸೋ ಇಚ್ಛೆಯದ್ದು, ಸಾರ್ವಜನಿಕ ನೀತಿಗೆ ವಿರುದ್ಧವಾದದ್ದು, ಅಥವಾ ಇಡೀ ಬಡಾವಣೆಗೆ ಆಗುವ ಲಾಭವನ್ನು ಮೀರಿದ ಹೊರೆ ಹೊರಿಸುವಂಥದ್ದು ಎಂದು ಎದುರಿಸುವವರೇ ತೋರಿಸಬೇಕು. ನಿಮ್ಮ ಒಂದು ಮನೆಯ ವಿಷಯದಲ್ಲಿ ಅದು ಅನಗತ್ಯವೆಂದರೆ ಸಾಲದು ಎಂಬುದು ಆ ತೀರ್ಪಿನ ತಿರುಳು. ಹಿತ್ತಲಿಗೆ ಅನ್ವಯಿಸಿ ಹೇಳುವುದಾದರೆ, ಬಿಡಿ ಕಟ್ಟಡ ಕೂಡದು ಎಂದು ನಿಮ್ಮ ಡೆಕ್ಲರೇಷನ್ ಸ್ಪಷ್ಟವಾಗಿ ಬರೆದಿದ್ದರೆ, ನನ್ನ ಶೆಡ್ಡು ಯಾರಿಗೂ ಕಾಣುವುದಿಲ್ಲ ಎಂಬ ವಾದ ಅಲ್ಲಿಗೇ ಮುಗಿಯಿತು. ಬೆಕ್ಕಿನ ಕಥೆಗೆ ಒಂದು ಬಾಲವಿದೆ: ಕೆಲವೇ ವರ್ಷಗಳಲ್ಲಿ ಅಲ್ಲಿನ ಶಾಸನಸಭೆ, ಮುಂದೆ ಬರುವ ಕರಾರುಗಳಲ್ಲಿ ಕನಿಷ್ಠ ಒಂದು ಸಾಕುಪ್ರಾಣಿಗೆ ಅವಕಾಶವಿರಲೇಬೇಕೆಂದು ಕಾನೂನು ಮಾಡಿತು. ಕೋರ್ಟಿನಲ್ಲಿ ಸೋತದ್ದನ್ನು ಶಾಸನಸಭೆಯಲ್ಲಿ ಗೆಲ್ಲುವ ಈ ದಾರಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದರ ಅಗತ್ಯ ಬೀಳುತ್ತದೆ.

ಬೋರ್ಡಿನ ಸ್ವಂತ ನಿರ್ಧಾರಕ್ಕೆ ಅಷ್ಟು ರಕ್ಷಣೆ ಇಲ್ಲ. ಫ್ಲಾರಿಡಾದ ಹಿಡನ್ ಹಾರ್ಬರ್ ಎಸ್ಟೇಟ್ಸ್‌ನಲ್ಲಿ ಬಾಸ್ಸೋ ದಂಪತಿ ತಮ್ಮ ಜಾಗದಲ್ಲೊಂದು ಬಾವಿ ಕೊರೆಸಲು ಅನುಮತಿ ಕೇಳಿದರು. ಬೋರ್ಡು ನಿರಾಕರಿಸಿತು; ಅವರು ಕೊರೆಸಿಯೇಬಿಟ್ಟರು. ಬೇರೆ ಬಾವಿಗಳ ನೀರು ಉಪ್ಪಾಗುತ್ತದೆ, ಕಾಲುದಾರಿಗಳಲ್ಲಿ ಕಲೆ ಬೀಳುತ್ತದೆ, ಇವರನ್ನು ನೋಡಿ ಎಲ್ಲರೂ ಬಾವಿ ತೋಡಿಸುತ್ತಾರೆ ಎಂದು ಸಂಘ ಕಾರಣ ಕೊಟ್ಟಿತು. ಮೇಲ್ಮನವಿ ನ್ಯಾಯಾಲಯ 1981ರಲ್ಲಿ ಎರಡು ಬಗೆಗಳನ್ನು ಬೇರ್ಪಡಿಸಿತು: ಡೆಕ್ಲರೇಷನ್‌ನ ನಿರ್ಬಂಧ ಸರಿಯೆಂದೇ ಬಲವಾಗಿ ಊಹಿಸಲಾಗುತ್ತದೆ, ಆದರೆ ಬೋರ್ಡು ತನ್ನ ವಿವೇಚನೆಯಿಂದ ಮಾಡಿದ ನಿರ್ಧಾರ ನಿವಾಸಿಗಳ ಆರೋಗ್ಯಕ್ಕೋ ನೆಮ್ಮದಿಗೋ ನಿಜವಾಗಿ ಸಂಬಂಧಿಸಿದ್ದೆಂದು ಬೋರ್ಡೇ ತೋರಿಸಿಕೊಡಬೇಕು. ಉಪ್ಪು, ಕಲೆ, ಅನುಕರಣೆ ಮೂರಕ್ಕೂ ಆಧಾರ ಸಿಗಲಿಲ್ಲ, ಬಾವಿ ಉಳಿಯಿತು. ‘ನಿಮಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ’ ಎಂಬ ಮಾತನ್ನು ನಾನು ಸಮಿತಿಯ ಸಭೆಗಳಲ್ಲಿ ಕೇಳಿದಾಗಲೆಲ್ಲ ಈ ಬಾವಿ ನೆನಪಾಗುತ್ತಿತ್ತು. ಆದರೆ ಟೆಕ್ಸಸ್‌ನಲ್ಲಿರುವ ನಾವು ಇದನ್ನು ಹಾಗೆಯೇ ಎತ್ತಿಕೊಳ್ಳುವಂತಿಲ್ಲ. ನಮ್ಮ ಪ್ರಾಪರ್ಟಿ ಕೋಡ್‌ನ 202.004ನೇ ವಿಧಿಯ ಪ್ರಕಾರ ಸಂಘದ ವಿವೇಚನೆಯ ನಿರ್ಧಾರವೂ ಸಮಂಜಸವೆಂದೇ ಊಹೆ. ಅದು ಮನಸೋ ಇಚ್ಛೆಯದ್ದು ಅಥವಾ ತಾರತಮ್ಯದ್ದು ಎಂಬುದನ್ನು ನೀವೇ ಸಾಬೀತು ಮಾಡಬೇಕು.

ಇನ್ನು ಸಮಿತಿಯ ಅಭಿರುಚಿ. ಡೆಕ್ಲರೇಷನ್‌ಗಳಲ್ಲಿ ಸಾಮಾನ್ಯವಾಗಿ ಒಂದು ವಾಕ್ಯವಿರುತ್ತದೆ: ಯಾವುದೇ ಕಟ್ಟಡ ಸುತ್ತಲಿನ ಪರಿಸರಕ್ಕೆ ಹೊಂದುವಂತಿರಬೇಕು, ಹೊಂದುತ್ತದೆಯೇ ಇಲ್ಲವೇ ಎಂಬುದನ್ನು ಸಮಿತಿ ತೀರ್ಮಾನಿಸತಕ್ಕದ್ದು. ಇದು ಎಷ್ಟು ದೂರ ಹೋಗಬಹುದು? ಆಸ್ಟಿನ್‌ನಲ್ಲಿ ಡೇವಿಸ್ ಎಂಬುವರ ಮನೆಯ ನಕ್ಷೆ ದಾಖಲೆಯಲ್ಲಿ ಬರೆದ ಸೆಟ್‌ಬ್ಯಾಕ್ ಅನ್ನು (ಗಡಿಯಿಂದ ಬಿಡಬೇಕಾದ ಅಂತರ) ಪಾಲಿಸಿದ್ದರೂ, ಜಾಗದಲ್ಲಿ ಅದು ನಿಲ್ಲುವ ಸ್ಥಾನ ಸುತ್ತಲಿನ ಮನೆಗಳಿಗೆ ಹೊಂದುವುದಿಲ್ಲವೆಂದು ಒಪ್ಪಿಗೆ ನಿರಾಕರಿಸಲಾಯಿತು. ಅವರು ಕಟ್ಟಿದರು, ಕೆಡವಬೇಕೆಂಬ ಆದೇಶವೂ ಬಂತು. ಟೆಕ್ಸಸ್ ಸುಪ್ರೀಂ ಕೋರ್ಟು 1981ರಲ್ಲಿ ಆ ಆದೇಶವನ್ನು ತಳ್ಳಿಹಾಕಿತು. ಅಂತರವೆಷ್ಟಿರಬೇಕೆಂದು ದಾಖಲೆಯೇ ಹೇಳಿರುವಾಗ, ಹೊಂದಾಣಿಕೆಯ ಹೆಸರಿನಲ್ಲಿ ಅದಕ್ಕಿಂತ ಬಿಗಿಯಾದ ಅಂತರವನ್ನು ಹೇರಲಾಗದು, ಕೊಳ್ಳುವವರಿಗೆ ಅದರ ಸೂಚನೆ ಇರಲಿಲ್ಲ ಎಂಬುದು ಕಾರಣ. ಶೆಡ್ಡಿನ ಎತ್ತರ 8 ಅಡಿ ಇರಬಹುದೆಂದು ನಿಮ್ಮ ಕರಾರು ಬರೆದಿದ್ದು, ಸಮಿತಿ 6 ಅಡಿಗೆ ಇಳಿಸಿ ಎಂದರೆ ನೀವು ಹಿಡಿಯಬೇಕಾದ ತೀರ್ಪು ಇದು. ಇದರ ಎದುರು ಬದಿಯಲ್ಲಿ ಕ್ಯಾಲಿಫೋರ್ನಿಯಾದ ರಾಂಚೊ ಸಾಂತಾ ಫೆ ಇದೆ. ಅಲ್ಲಿನ 1928ರ ಕರಾರು ಕಟ್ಟಡಗಳ ಅಂದಚೆಂದ ತೀರ್ಮಾನಿಸಲು ‘ಆರ್ಟ್ ಜ್ಯೂರಿ’ ಎಂಬ ಮಂಡಳಿಯನ್ನೇ ರಚಿಸಿದೆ. ಕೋಣೆಯ ವಿಸ್ತರಣೆಗೂ ಬೇಲಿಗೂ ಒಪ್ಪಿಗೆ ಸಿಗದ ಒಡತಿಯೊಬ್ಬರು ಕೋರ್ಟಿಗೆ ಹೋದಾಗ, ಸೌಂದರ್ಯದ ತೀರ್ಮಾನ ಸ್ವಭಾವತಃ ವ್ಯಕ್ತಿನಿಷ್ಠವೇ, ದಾಖಲೆ ಆ ಅಧಿಕಾರವನ್ನು ಕೊಟ್ಟಿರುವಾಗ ಮಂಡಳಿ ಪ್ರಾಮಾಣಿಕವಾಗಿ ಅದನ್ನು ಬಳಸಿದರೆ ಸಾಕು ಎಂದು 2000ದಲ್ಲಿ ನ್ಯಾಯಾಲಯ ಸಂಘದ ಪರ ನಿಂತಿತು. ಕರಾರು ಅಳತೆಗಳನ್ನು ಬರೆದಿದೆಯೋ, ಅಭಿರುಚಿಗೆ ಬಿಟ್ಟಿದೆಯೋ ಎಂಬುದರಲ್ಲಿ ಈ ಎರಡು ತೀರ್ಪುಗಳ ವ್ಯತ್ಯಾಸವಿದೆ.

ಇಷ್ಟು ಹೊತ್ತು ಮನೆಯೊಡೆಯ ಒಂದು ಕಡೆ, ಎಚ್‌ಓಎ ಇನ್ನೊಂದು ಕಡೆ ಎಂಬಂತೆ ಮಾತಾಡಿದೆ. ಪಕ್ಕದ ಮನೆಯವರೂ ಮನೆಯೊಡೆಯರೇ. ಕ್ಯಾಲಿಫೋರ್ನಿಯಾದ ಕೈಟ್ ಹಿಲ್ ಬಡಾವಣೆಯಲ್ಲಿ ಸಮಿತಿಯು ಒಬ್ಬರಿಗೆ ಕರಾರಿಗೆ ಹೊಂದದ ಬೇಲಿಯೊಂದನ್ನು ಮಂಜೂರು ಮಾಡಿತು. ಅದರಿಂದ ನೋಟ ಕಳೆದುಕೊಂಡ ನೆರೆಯವರು ಸಂಘದ ಮೇಲೆಯೇ ದಾವೆ ಹೂಡಿದರು. ಒಪ್ಪಿಗೆ ಕೊಡುವಾಗಲೂ ಸಂಘ ಎಲ್ಲ ಸದಸ್ಯರಿಗೆ ನ್ಯಾಯವಾಗಿ ನಡೆದುಕೊಳ್ಳುವ ಹೊಣೆ ಹೊತ್ತಿದೆ ಎಂದು 1983ರಲ್ಲಿ ನ್ಯಾಯಾಲಯ ಹೇಳಿತು. ಸಮಿತಿಯವರು ಮುಖ ಗಂಟಿಕ್ಕಿಕೊಂಡು ನಕ್ಷೆ ಕೇಳುವುದಕ್ಕೆ ದರ್ಪವೊಂದೇ ಕಾರಣವಲ್ಲ, ಈ ಭಯವೂ ಇದೆ.

ಈಗ ಶಾಸನಗಳ ವಿಷಯ, ನನ್ನ ಮಾತಿನ ಮುಖ್ಯ ಭಾಗ. ಕೋರ್ಟುಗಳು ಕರಾರಿನ ಪರ ವಾಲಿದಂತೆಲ್ಲ ರಾಜ್ಯಗಳ ಶಾಸನಸಭೆಗಳು ಒಂದೊಂದೇ ವಸ್ತುವನ್ನು ಕರಾರಿನ ಹಿಡಿತದಿಂದ ಬಿಡಿಸುತ್ತ ಬಂದಿವೆ. ಟೆಕ್ಸಸ್‌ನಲ್ಲಿ ಮಳೆನೀರಿನ ಪೀಪಾಯಿ ಮತ್ತು ಕಾಂಪೋಸ್ಟ್ ಗುಂಡಿಯನ್ನು ಸಂಘ ಪೂರ್ತಿಯಾಗಿ ನಿಷೇಧಿಸುವಂತಿಲ್ಲ. ಸೌರ ಫಲಕವನ್ನು ಬೇಲಿಯೊಳಗಿನ ಹಿತ್ತಲಲ್ಲಿ ನಿಲ್ಲಿಸಬಹುದು, ಅದು ಬೇಲಿಗಿಂತ ಎತ್ತರವಾಗಿದ್ದರೆ ಸಂಘ ತಡೆಯಬಹುದು. 2021ರಿಂದ ಈಜುಕೊಳದ ಸುತ್ತಲಿನ, 6 ಅಡಿ ಮೀರದ ಜಾಲರಿ ಬೇಲಿಗೂ ರಕ್ಷಣೆ ಸಿಕ್ಕಿದೆ; ಬಣ್ಣದ ಮೇಲೆ ಸಂಘ ಮಿತಿ ಹಾಕಬಹುದಾದರೂ ಕಪ್ಪು ಬಣ್ಣವನ್ನು ಬೇಡವೆನ್ನುವಂತಿಲ್ಲ ಎಂಬಷ್ಟು ವಿವರವಾಗಿ ಆ ಕಾನೂನು ಬರೆದಿದೆ. ಕ್ಯಾಲಿಫೋರ್ನಿಯಾ ಹಿತ್ತಲಲ್ಲಿ ಬಟ್ಟೆ ಒಣಗಿಸುವ ತಂತಿಯನ್ನೂ ಸ್ವಂತಕ್ಕೆ ತರಕಾರಿ ಬೆಳೆಯುವುದನ್ನೂ ರಕ್ಷಿಸಿದೆ. ಅಷ್ಟೇ ಅಲ್ಲ, 2020ರಿಂದ ಒಂಟಿ ಮನೆಯ ಜಾಗದಲ್ಲಿ ಎಡಿಯು ಎಂಬ ಎರಡನೆಯ ಸಣ್ಣ ಮನೆಯನ್ನು ನಿಷೇಧಿಸುವ ಕರಾರನ್ನೇ ಅನೂರ್ಜಿತಗೊಳಿಸಿದೆ. ಇದರಿಂದ ಒಂದು ವಿಚಿತ್ರ ಹುಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ ಹಿತ್ತಲಲ್ಲಿ ಅಡುಗೆಮನೆ, ಸ್ನಾನದ ಮನೆ ಸಹಿತ ಇಡೀ ಒಂದು ವಾಸದ ಮನೆ ಕಟ್ಟಲು ಕಾನೂನಿನ ಬೆಂಬಲವಿದೆ. ಹುಲ್ಲು ಕತ್ತರಿಸುವ ಯಂತ್ರ ಇಡಲು ಶೆಡ್ಡು ಬೇಕೆಂದರೆ ಸಮಿತಿಯ ದಯೆ ಬೇಕು.

ತುಳಸಿಕಟ್ಟೆಯ ವಿಷಯವನ್ನು ನಮ್ಮವರು ಬಹಳ ಸಲ ಕೇಳಿದ್ದಾರೆ, ಅದಕ್ಕೆ ಸ್ವಲ್ಪ ನಿಲ್ಲುತ್ತೇನೆ. ಟೆಕ್ಸಸ್‌ನ 2011ರ ಕಾನೂನು ಮನೆಯ ಬಾಗಿಲಲ್ಲಿ 25 ಚದರ ಇಂಚಿನಷ್ಟು ಧಾರ್ಮಿಕ ವಸ್ತುವಿಗೆ ಮಾತ್ರ ರಕ್ಷಣೆ ಕೊಟ್ಟಿತ್ತು. ಬಾಗಿಲಿಗೆ ಒಂದು ಓಂಕಾರ ಅಂಟಿಸುವಷ್ಟು. 2021ರ ತಿದ್ದುಪಡಿ ಅದನ್ನು ಬಾಗಿಲಿನಿಂದ ಇಡೀ ಸ್ವತ್ತಿಗೆ ವಿಸ್ತರಿಸಿ, ಅಳತೆಯ ಮಿತಿಯನ್ನೂ ತೆಗೆದುಹಾಕಿತು. ಪ್ರಾಮಾಣಿಕ ಧಾರ್ಮಿಕ ನಂಬಿಕೆಯಿಂದ ಇಟ್ಟ ವಸ್ತುವನ್ನು ಸಂಘ ಈಗ ನಿಷೇಧಿಸುವಂತಿಲ್ಲ. ಹೀಗಾಗಿ ಹಿತ್ತಲಿನ ತುಳಸಿಕಟ್ಟೆಗೆ ಕಾನೂನಿನ ಬಲ ಚೆನ್ನಾಗಿಯೇ ಇದೆ. ಆದರೆ ಅದೇ ವಿಧಿಯ ವಿನಾಯಿತಿಗಳನ್ನೂ ಓದಬೇಕು: ಸೆಟ್‌ಬ್ಯಾಕ್ ಅಥವಾ ಈಸ್‌ಮೆಂಟ್ (ಬೇರೆಯವರ ಬಳಕೆಗೆ ಹಕ್ಕು ಕೊಟ್ಟ ಜಾಗದ ಪಟ್ಟಿ) ಉಲ್ಲಂಘಿಸಿದರೆ, ಸಾರ್ವಜನಿಕರ ಆರೋಗ್ಯಕ್ಕೆ ಅಥವಾ ಸುರಕ್ಷತೆಗೆ ಅಪಾಯವಾದರೆ ರಕ್ಷಣೆ ಇಲ್ಲ. ಬೇಲಿಗೆ ತಾಗಿಸಿ, ವಿದ್ಯುತ್ ಕಂಪನಿಯ ಈಸ್‌ಮೆಂಟ್ ಮೇಲೆ ಕಟ್ಟಿದ ಕಟ್ಟೆಯನ್ನು ತೆಗೆಸಬಹುದು. ಇನ್ನು ಕಟ್ಟೆಗೆ ನಾಲ್ಕು ಕಂಬ, ಮೇಲೊಂದು ಚಾವಣಿ ಸೇರಿಸಿ ಮಂಟಪ ಮಾಡಿದರೆ? ಶಾಸನ ಹೇಳುವುದು ಧಾರ್ಮಿಕ ವಸ್ತುವನ್ನು ಪ್ರದರ್ಶಿಸುವ ವಿಷಯ. ಅದನ್ನೇ ನೆಚ್ಚಿಕೊಂಡು ಅರ್ಜಿ ಹಾಕದೆ ಮಂಟಪ ಕಟ್ಟುವುದು ದುಡುಕಾಗುತ್ತದೆಂಬುದು ನನ್ನ ಅಭಿಪ್ರಾಯ.

ಹೀಗೆ ವಸ್ತುಗಳ ಪಟ್ಟಿ ಬೆಳೆಸುತ್ತ ಹೋಗುವುದು ನನಗೆ ಸರಿಕಾಣುವುದಿಲ್ಲ. ಶಾಸನಸಭೆಯಲ್ಲಿ ಮಾತಾಡುವವರಿರುವ ವಸ್ತುವಿಗೆ ರಕ್ಷಣೆ ಸಿಗುತ್ತದೆ. ಸೌರಫಲಕದ ಹಿಂದೆ ಒಂದು ಉದ್ಯಮವಿದೆ, ಎಡಿಯು ಹಿಂದೆ ವಸತಿಯ ಕೊರತೆ ಇದೆ, ಹೀರೆಕಾಯಿ ಚಪ್ಪರದ ಹಿಂದೆ ಯಾರೂ ಇಲ್ಲ. ಫ್ಲಾರಿಡಾ ಹಿಡಿದ ದಾರಿ ಇದಕ್ಕಿಂತ ಒಳ್ಳೆಯದು. ಬೀದಿಯಿಂದಾಗಲಿ ಪಕ್ಕದ ಜಾಗದಿಂದಾಗಲಿ ಕಾಣದ ವಸ್ತುಗಳನ್ನು ಇಡುವುದಕ್ಕೆ, ಅಳವಡಿಸುವುದಕ್ಕೆ ಸಂಘ ಅಡ್ಡಿಪಡಿಸುವಂತಿಲ್ಲವೆಂದು 2023ರಲ್ಲಿ ಅಲ್ಲಿ ಕಾನೂನಾಯಿತು; 2024ರಲ್ಲಿ ತರಕಾರಿ ತೋಟ, ಬಟ್ಟೆ ತಂತಿಗಳ ಹೆಸರೂ ಉದಾಹರಣೆಯಾಗಿ ಸೇರಿದವು. ಕರಾರು ಇರುವುದು ನೆರೆಯವರ ನೋಟ ಮತ್ತು ಮನೆಗಳ ಬೆಲೆ ಕಾಯಲು ಎಂದಾದರೆ, ಯಾರಿಗೂ ಕಾಣದ ವಸ್ತುವಿನ ಮೇಲೆ ಅದಕ್ಕೆ ಅಧಿಕಾರವಿರಬಾರದು ಎಂಬ ನೇರ ತರ್ಕ ಇದರಲ್ಲಿದೆ. ಬೇಲಿಗಿಂತ ಎತ್ತರದ ಪರ್ಗೋಲಾ ಇದರಡಿ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಪಕ್ಕದ ಮನೆಯವರ ಮಹಡಿ ಕಿಟಕಿಯ ವಿಷಯದಲ್ಲಿ ಜಗಳಗಳು ಹುಟ್ಟುತ್ತವೆ, ನಿಜ. ಆದರೂ ಟೆಕ್ಸಸ್ ಇದನ್ನು ಅನುಸರಿಸಬೇಕೆಂದು ನಾನು ನಮ್ಮ ಪ್ರತಿನಿಧಿಗಳಿಗೆ ಬರೆಯುತ್ತಲೇ ಇದ್ದೇನೆ.

ಫೆಡರಲ್ ಕಾನೂನಿನ ವಿಷಯ ಚಿಕ್ಕದು. ಒಂದು ಮೀಟರ್ ಅಗಲ ಮೀರದ ಡಿಶ್ ಆಂಟೆನಾವನ್ನು ನಿಮ್ಮ ಸ್ವಂತ ಜಾಗದಲ್ಲಿ ಇಡುವುದನ್ನು ಸಂಘ ತಡೆಯಲಾಗದು. ಇದಕ್ಕಿಂತ ನಮಗೆ ಮುಖ್ಯವಾದದ್ದು ಫೇರ್ ಹೌಸಿಂಗ್ ಆಕ್ಟ್. ಊರಿನಿಂದ ಬಂದು ನಿಮ್ಮ ಜೊತೆ ಇರುವ ತಂದೆಗೋ ತಾಯಿಗೋ ನಡೆಯಲು ಆಗದೆ, ಹಿಂಬಾಗಿಲಿಗೆ ಗಾಲಿಕುರ್ಚಿಯ ಇಳಿಜಾರು ಬೇಕಾದರೆ, ಅಂಗವೈಕಲ್ಯದ ಕಾರಣಕ್ಕೆ ಅಗತ್ಯವಾದ ಸಮಂಜಸ ಮಾರ್ಪಾಡನ್ನು ನಿಮ್ಮ ಖರ್ಚಿನಲ್ಲಿ ಮಾಡಿಕೊಳ್ಳಲು ಸಂಘ ಬಿಡಲೇಬೇಕು. ಅರ್ಜಿಯಲ್ಲಿ ಆ ಕಾರಣವನ್ನು ಸ್ಪಷ್ಟವಾಗಿ ಬರೆಯಿರಿ. ಸಂಕೋಚದಿಂದ ಅದನ್ನು ಮುಚ್ಚಿಟ್ಟು ಬರೀ ‘ಡೆಕ್ ವಿಸ್ತರಣೆ’ (ಮನೆಗೆ ತಾಗಿದ ಜಗುಲಿಯ ವಿಸ್ತರಣೆ) ಎಂದು ಬರೆದರೆ ಸಮಿತಿ ಅದನ್ನು ಬರೀ ಡೆಕ್ ಎಂದೇ ನೋಡುತ್ತದೆ.

ನಗರದ ಪರ್ಮಿಟ್ಟೇ ಬೇರೆ, ಎಚ್‌ಓಎ ಒಪ್ಪಿಗೆಯೇ ಬೇರೆ. ದೇಶದ ಹೆಚ್ಚಿನ ಊರುಗಳು ಆಧಾರವಾಗಿಟ್ಟುಕೊಂಡಿರುವ ವಸತಿ ಕಟ್ಟಡ ಸಂಹಿತೆಯಲ್ಲಿ 200 ಚದರ ಅಡಿವರೆಗಿನ ಒಂದಂತಸ್ತಿನ ಬಿಡಿ ಶೆಡ್ಡಿಗೆ ಪರ್ಮಿಟ್ ಬೇಡ. ಕ್ಯಾಲಿಫೋರ್ನಿಯಾದಲ್ಲಿ ಆ ಮಿತಿ 120 ಚದರ ಅಡಿ. ನಿಮ್ಮ ಊರು ಅದನ್ನು ಇನ್ನೂ ಇಳಿಸಿರಬಹುದು. ಪರ್ಮಿಟ್ ಬೇಡವೆಂದು ನಗರಸಭೆ ಹೇಳಿದ್ದನ್ನು ಎಚ್‌ಓಎ ಒಪ್ಪಿಗೆಯೂ ಬೇಡವೆಂದು ತಿಳಿದುಕೊಂಡವರೇ ಹೆಚ್ಚಾಗಿ ನೋಟಿಸು ಪಡೆಯುವವರು.

ಅರ್ಜಿ ಹಾಕುವಾಗ ಸರ್ವೆ ನಕ್ಷೆಯ ಮೇಲೆ ಕಟ್ಟಡದ ಜಾಗ ಗುರುತಿಸಿ, ಎತ್ತರ, ಸಾಮಗ್ರಿ, ಬಣ್ಣ, ಚಾವಣಿಯ ಶಿಂಗಲ್ ಎಲ್ಲವನ್ನೂ ಬರೆದು, ತಲುಪಿದ ದಿನಾಂಕದ ದಾಖಲೆ ಇಟ್ಟುಕೊಳ್ಳಿ. ದಿನಾಂಕ ಏಕೆ ಮುಖ್ಯವೆಂದರೆ, ಇಂತಿಷ್ಟು ದಿನಗಳಲ್ಲಿ ಸಮಿತಿ ಉತ್ತರಿಸದಿದ್ದರೆ ಒಪ್ಪಿಗೆ ಸಿಕ್ಕಂತೆಯೇ ಎಂದು ಅನೇಕ ಡೆಕ್ಲರೇಷನ್‌ಗಳು ಹೇಳುತ್ತವೆ; ಕೆಲವು ನೇರ ವಿರುದ್ಧವಾಗಿ, ಉತ್ತರವಿಲ್ಲದಿದ್ದರೆ ನಿರಾಕರಿಸಿದಂತೆ ಎನ್ನುತ್ತವೆ. ನಿಮ್ಮದು ಯಾವುದೆಂದು ನೋಡಿಕೊಳ್ಳಿ. ಟೆಕ್ಸಸ್‌ನಲ್ಲಿ 40ಕ್ಕಿಂತ ಹೆಚ್ಚು ಮನೆಜಾಗಗಳಿರುವ ಸಂಘದಲ್ಲಿ ಬೋರ್ಡಿನ ಸದಸ್ಯರಾಗಲಿ, ಅವರ ಪತಿ ಅಥವಾ ಪತ್ನಿಯಾಗಲಿ, ಅದೇ ಮನೆಯಲ್ಲಿ ವಾಸಿಸುವವರಾಗಲಿ ಆರ್ಕಿಟೆಕ್ಚರಲ್ ಸಮಿತಿಯಲ್ಲಿ ಕೂರುವಂತಿಲ್ಲ. ನಿರಾಕರಣೆ ಲಿಖಿತವಾಗಿರಬೇಕು, ಕಾರಣ ಹೇಳಬೇಕು, ಯಾವ ಬದಲಾವಣೆ ಮಾಡಿದರೆ ಒಪ್ಪಿಗೆ ಸಿಗಬಹುದೆಂದೂ ತಿಳಿಸಬೇಕು. 30 ದಿನಗಳೊಳಗೆ ನೀವು ಕೇಳಿದರೆ ಬೋರ್ಡಿನ ಮುಂದೆ ವಿಚಾರಣೆ ನಡೆಸಲೇಬೇಕು. ಈ ವಿಚಾರಣೆಯನ್ನು ಕೇಳುವವರು ಕಡಿಮೆ. ಸಮಿತಿ ತಳ್ಳಿಹಾಕಿದ ಅರ್ಜಿಗಳು ಸಣ್ಣ ತಿದ್ದುಪಡಿಯೊಂದಿಗೆ ಬೋರ್ಡಿನಲ್ಲಿ ಪಾಸಾಗುವುದನ್ನು ನಾನು ಕಂಡಿದ್ದೇನೆ. ಎದುರು ಮನೆಯವರಿಗೆ ಅಂಥದೇ ಶೆಡ್ಡಿಗೆ ಒಪ್ಪಿಗೆ ಕೊಟ್ಟಿದ್ದರೆ ಅದರ ಫೋಟೊ, ದಿನಾಂಕ ಒದಗಿಸಿ. ತಾರತಮ್ಯದ ವಾದಕ್ಕೆ ಅದು ಸಾಕ್ಷ್ಯ. ಆದರೆ ದಯವಿಟ್ಟು ಮೊದಲು ಕಟ್ಟಿ ಆಮೇಲೆ ವಾದಿಸಬೇಡಿ. ಬಾಸ್ಸೋ, ಡೇವಿಸ್ ಗೆದ್ದರು, ಗೆದ್ದವರ ಹೆಸರು ಉಳಿಯುತ್ತದೆ. ಸ್ವಂತ ಖರ್ಚಿನಲ್ಲಿ ಕಟ್ಟಿ, ಸ್ವಂತ ಖರ್ಚಿನಲ್ಲಿ ಕೆಡವಿ, ಸಂಘದ ವಕೀಲರ ಶುಲ್ಕವನ್ನೂ ತೆತ್ತವರು ಅವರಿಗಿಂತ ಬಹಳ ಹೆಚ್ಚು.

ದಂಡದ ಭಯ ಇದ್ದೇ ಇದೆ. ಟೆಕ್ಸಸ್‌ನಲ್ಲಿ ದಂಡ ಹಾಕುವ ಮುನ್ನ ನೋಟಿಸು ಕೊಟ್ಟು, ಸರಿಪಡಿಸಿಕೊಳ್ಳಬಹುದಾದ ತಪ್ಪಾಗಿದ್ದರೆ ಅದಕ್ಕೆ ಸಮಯ ಕೊಡಬೇಕು. ಬರೀ ದಂಡದ ಬಾಕಿಗಾಗಿ ಸಂಘ ನಿಮ್ಮ ಮನೆಯನ್ನು ಫೋರ್‌ಕ್ಲೋಷರ್ ಮಾಡಿ ಮಾರಿಸುವಂತಿಲ್ಲ. ಡ್ಯೂಸ್, ಅಂದರೆ ಸಂಘದ ವಂತಿಗೆಯ ಬಾಕಿಯ ವಿಷಯ ಹಾಗಲ್ಲ, ಅದಕ್ಕೆ ಮನೆ ಹೋಗಬಹುದು. ಆದ್ದರಿಂದ ಶೆಡ್ಡಿನ ಸಿಟ್ಟಿಗೆ ಡ್ಯೂಸ್ ನಿಲ್ಲಿಸುವುದು ಎಂದಿಗೂ ಸಲ್ಲದು. ಕ್ಯಾಲಿಫೋರ್ನಿಯಾದಲ್ಲಿ 2025ರ ಜುಲೈಯಿಂದ, ಆರೋಗ್ಯ ಮತ್ತು ಸುರಕ್ಷತೆಯ ಪ್ರಶ್ನೆ ಇಲ್ಲದಿದ್ದರೆ, ಒಂದು ಉಲ್ಲಂಘನೆಗೆ 100 ಡಾಲರ್ ಮೀರಿ ದಂಡ ಹಾಕುವಂತಿಲ್ಲ.

ಕೊನೆಯದಾಗಿ, ಹಲವು ವರ್ಷಗಳ ಹಿಂದೆಯೇ ಒಪ್ಪಿಗೆಯಿಲ್ಲದೆ ಕಟ್ಟಿಕೊಂಡು, ಯಾರೂ ಕೇಳಿಲ್ಲವೆಂದು ಸುಮ್ಮನಿರುವವರ ವಿಷಯ. ಕರಾರು ಜಾರಿಗೆ ದಾವೆ ಹೂಡಲು ಟೆಕ್ಸಸ್‌ನಲ್ಲಿ ನಾಲ್ಕು ವರ್ಷ, ಕ್ಯಾಲಿಫೋರ್ನಿಯಾದಲ್ಲಿ ಐದು ವರ್ಷ ಕಾಲಮಿತಿ ಇದೆಯಾದರೂ ಆ ಲೆಕ್ಕ ಎಂದಿನಿಂದ ಶುರುವಾಗುತ್ತದೆಂಬುದರ ಮೇಲೆಯೇ ವಾದ ಎದ್ದೀತು. ಮನೆ ಮಾರುವಾಗ ಕೊಳ್ಳುವವರು ಕೇಳುವ ರೀಸೇಲ್ ಸರ್ಟಿಫಿಕೇಟ್‌ನಲ್ಲಿ, ನಿಮ್ಮ ಜಾಗದಲ್ಲಿ ಕರಾರು ಉಲ್ಲಂಘಿಸುವ ಏನೇನು ಬೋರ್ಡಿನ ಗಮನಕ್ಕೆ ಬಂದಿದೆಯೋ ಅದನ್ನೆಲ್ಲ ಸಂಘ ಬರೆಯಬೇಕು. ಕ್ಲೋಸಿಂಗ್‌ಗೆ ಕೆಲವೇ ದಿನಗಳಿರುವಾಗ ಆ ಸಾಲು ಕಂಡ ಕೊಳ್ಳುವವರು ಶೆಡ್ಡು ತೆಗೆಸಿ ಅಥವಾ ಬೆಲೆ ಇಳಿಸಿ ಎನ್ನುತ್ತಾರೆ, ಆಗ ಚೌಕಾಸಿಗೆ ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ. ಅಂಥದ್ದೇನಾದರೂ ನಿಮ್ಮ ಹಿತ್ತಲಲ್ಲಿದ್ದರೆ, ಮಾರುವ ಯೋಚನೆ ಇಲ್ಲದ ಈ ಹೊತ್ತಿನಲ್ಲೇ ಅಳತೆ, ಫೋಟೊಗಳ ಸಮೇತ ಸಮಿತಿಗೆ ತಡವಾದ ಅರ್ಜಿಯೊಂದನ್ನು ಹಾಕಿ. ಒಪ್ಪಿಗೆ ಸಿಕ್ಕರೆ ಆ ಪತ್ರವನ್ನು ಮನೆಯ ಡೀಡಿನ ಜೊತೆ ಇಟ್ಟುಕೊಳ್ಳಿ.